ಚಿಪ್ಪಿನ ಮೇಲಿನ ಮೊದಲ ಅಂಕಿ

ಜರ್ಮನಿಯ ಅಂಗಡಿಯಲ್ಲಿ ಮೊಟ್ಟೆ ಕೊಂಡರೆ ಪ್ರತಿಯೊಂದರ ಚಿಪ್ಪಿನ ಮೇಲೂ ಸಣ್ಣ ಮುದ್ರೆ ಕಾಣುತ್ತದೆ. ಅದು 2-ಡಿಇ-03 ಎಂದು ಶುರುವಾಯಿತು ಅನ್ನಿ. ಡಿಇ ಅಂದರೆ ಜರ್ಮನಿ, 03 ಅಂದರೆ ಲೋವರ್ ಸ್ಯಾಕ್ಸನಿ ರಾಜ್ಯ. ಮುಂದಿನ ಅಂಕಿಗಳು ಫಾರ್ಮು ಮತ್ತು ಶೆಡ್ಡಿನ ಗುರುತು. ಮೊದಲ ಅಂಕಿ ಕೋಳಿಯ ಬದುಕಿನದು: 0 ಸಾವಯವ, 1 ಬಯಲಿಗೂ ಬಿಡುವ ಕೋಳಿ, 2 ಶೆಡ್ಡಿನೊಳಗೇ ಓಡಾಡುವುದು, 3 ಪಂಜರ.

ದೇಶದ ಅರ್ಧಕ್ಕಿಂತ ಹೆಚ್ಚು ಮೊಟ್ಟೆಕೋಳಿಗಳು ಈ 2ರಲ್ಲಿವೆ. ಒಂದು ಚದರ ಮೀಟರಿಗೆ 9 ಕೋಳಿ ಅನ್ನುತ್ತದೆ ನಿಯಮ. ಅಟ್ಟಣಿಗೆಗಳ ಜಾಗವೂ ಇದರಲ್ಲಿ ಸೇರುವುದರಿಂದ ಬರೀ ನೆಲದ ಲೆಕ್ಕಕ್ಕೆ 18ರವರೆಗೂ ಹೋಗಬಹುದು. 'ಓಡಾಡುವುದು' ಅಂದರೆ ಇಷ್ಟೇ!

ಲೋವರ್ ಸ್ಯಾಕ್ಸನಿಯಲ್ಲೇ ಕೋಳಿ ಜಾಸ್ತಿ. ಅಲ್ಲಿನ ವೆಕ್ಟಾ, ಕ್ಲೋಪೆನ್‌ಬುರ್ಗ್ ಕಡೆ ಮರಳು ಮಣ್ಣು, ಬೆಳೆ ಅಷ್ಟಕ್ಕಷ್ಟೆ. ಆದರೆ ಬಂದರು ಹತ್ತಿರ, ಹೊರದೇಶದ ಮೇವು ಸಲೀಸಾಗಿ ಬರುತ್ತಿತ್ತು. ಇಷ್ಟಾದರೂ ದೇಶಕ್ಕೆ ಬೇಕಾದ ಮೊಟ್ಟೆಯಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಸ್ವಂತದ್ದು. ಉಳಿದದ್ದರಲ್ಲಿ ಹೆಚ್ಚಿನದು ಪಕ್ಕದ ನೆದರ್‌ಲೆಂಡ್ಸ್‌ನಿಂದ ಬರುತ್ತದೆ.

ಗಿರಾಕಿ ಅಂಕಿ ನೋಡುತ್ತಾನೆ, ಹಾಗಾಗಿ ದೊಡ್ಡ ಅಂಗಡಿಗಳು 3ರ ಮೊಟ್ಟೆಯನ್ನು ಕೈಬಿಟ್ಟವು. ಆದರೆ ಮೊಟ್ಟೆ ಒಡೆದು ನೂಡಲ್ಸ್, ಕೇಕು, ಮೇಯನೇಸ್‌ಗೆ ಬಿದ್ದರೆ ಮುದ್ರೆ ಚಿಪ್ಪಿನ ಜೊತೆ ಕಸಕ್ಕೆ ಹೋಯಿತು. ಆ ಪೊಟ್ಟಣಗಳ ಮೇಲೆ ಕೋಳಿ ಸಾಕಿದ ಬಗೆ ಬರೆಯಲೇಬೇಕೆಂದಿಲ್ಲ. ಈಸ್ಟರ್‌ಗೆ ಬೇಯಿಸಿ ಬಣ್ಣ ಹಚ್ಚಿ ಮಾರುವ ಮೊಟ್ಟೆಗೂ ಅದೇ ರಿಯಾಯಿತಿ. ಪಂಜರದ ಮೊಟ್ಟೆಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಾ?

ಗಂಡುಮರಿಗಳದು ಇನ್ನೊಂದು ಕಥೆ. ಮೊಟ್ಟೆತಳಿಯ ಹುಂಜ ಮೊಟ್ಟೆ ಇಡುವುದಿಲ್ಲ, ಮಾಂಸವೂ ಕಡಿಮೆ. ಹಾಗಾಗಿ ಹುಟ್ಟಿದ ದಿನವೇ ಕೊಲ್ಲುತ್ತಿದ್ದರು. 2022ರ ಜನವರಿ 1ರಿಂದ ಜರ್ಮನಿ ಅದನ್ನು ನಿಷೇಧಿಸಿತು. ಈಗ ಮೊಟ್ಟೆಯೊಳಗೇ ಲಿಂಗ ಪತ್ತೆ ಮಾಡುತ್ತಾರೆ. ಮರಿ ಹೊರಬರಲು 21 ದಿನ ಬೇಕು. ಕಂದು ತಳಿಯಲ್ಲಿ ಹೆಣ್ಣಿನ ಗರಿ ಕಂದು, ಗಂಡಿನದು ತಿಳಿ ಬಣ್ಣ. ಹನ್ನೆರಡು-ಹದಿಮೂರನೇ ದಿನದ ಹೊತ್ತಿಗೆ ಚಿಪ್ಪಿನ ಮೂಲಕ ಬೆಳಕು ಹಾಯಿಸಿದರೆ ಆ ಬಣ್ಣ ಕ್ಯಾಮೆರಾಗೆ ಸಿಗುತ್ತದೆ, ತೂತು ಕೊರೆಯಬೇಕಾಗಿಲ್ಲ. ಬಿಳಿ ತಳಿಯಲ್ಲಿ ಎರಡರದೂ ಒಂದೇ ಬಣ್ಣ, ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಎಂಆರ್‌ಐ ಮಾಡಬೇಕು, ಇಲ್ಲವೇ ಲೇಸರ್‌ನಿಂದ ಸೂಕ್ಷ್ಮ ರಂಧ್ರ ಮಾಡಿ ಒಂದು ಹನಿ ದ್ರವ ತೆಗೆದು ಪರೀಕ್ಷಿಸಬೇಕು.

ಆದರೆ ಈ ಕಾನೂನು ಜರ್ಮನಿಯೊಳಗೆ ಮರಿ ಮಾಡಿಸುವವರಿಗೆ ಮಾತ್ರ. ಗಂಡುಮರಿ ಕೊಲ್ಲುವ ದೇಶದಿಂದ ಹೆಣ್ಣುಕೋಳಿ ತರಿಸಿ ಸಾಕಿದರೆ ತಪ್ಪಿಲ್ಲ.