ಜಗುಲಿಯ ಮೇಲೆ ಗೌಡ, ಅಂಗಳದಲ್ಲಿ ಕ್ಯಾಮೆರಾ

ಶ್ರೀರಂಗಪಟ್ಟಣ, ಪಾಂಡವಪುರದ ಸುತ್ತ ಶೂಟಿಂಗಿಗೆ ಹಳೆಯ ತೊಟ್ಟಿಮನೆ ಸಿಕ್ಕರೆ ನಿರ್ದೇಶಕನಿಗೆ ಅರ್ಧ ಕೆಲಸ ಮುಗಿದಂತೆ. ಜಗುಲಿ ಅಂಗಳಕ್ಕಿಂತ ಎರಡು ಮೂರು ಅಡಿ ಎತ್ತರ. ಮೇಲೆ ಕುರ್ಚಿಯಲ್ಲಿ ಗೌಡ, ಕೆಳಗೆ ಟವೆಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ನಿಂತ ಗೇಣಿದಾರ. ಯಾರ ಕೈ ಮೇಲು ಅನ್ನುವುದನ್ನು ಮನೆಯೇ ಹೇಳಿಬಿಡುತ್ತದೆ. ಕೆಲಸ ಕೆಡುವುದು ಕ್ಯಾಮೆರಾ ಎಲ್ಲಿಡಬೇಕು ಅನ್ನುವಲ್ಲಿ.

ಸಾಮಾನ್ಯವಾಗಿ ಅಂಗಳದ ನೆಲದಿಂದ ಒಂದಡಿ ಎತ್ತರಕ್ಕೆ ಹತ್ತಿರದ್ದನ್ನು ಹಿಗ್ಗಿಸಿ ತೋರಿಸುವ 24 ಎಂಎಂ ವೈಡ್ ಲೆನ್ಸ್ ಇಟ್ಟು ಮೇಲಕ್ಕೆ ತಿರುಗಿಸುತ್ತಾರೆ. ದವಡೆ ಅಗಲವಾಗುತ್ತದೆ, ಮೊಣಕಾಲು ಮುಂದೆ ಚಾಚುತ್ತದೆ, ಕಂಬಗಳು ಒಳಕ್ಕೆ ವಾಲುತ್ತವೆ. ಗೌಡ ಭಯ ಹುಟ್ಟಿಸುತ್ತಾನೆ, ಸರಿ. ಆದರೆ ಭವ್ಯವಾಗಿಯೂ ಕಾಣುತ್ತಾನೆ. ಕಥೆ ಅವನನ್ನು ಬೈಯುತ್ತಿರುವಾಗ ಫ್ರೇಮು ಅವನಿಗೆ ಆರತಿ ಎತ್ತುತ್ತಿರುತ್ತದೆ. ಟಾಕೀಸಿನಲ್ಲಿ ಶಿಳ್ಳೆ ಬೀಳುವುದು ಫ್ರೇಮಿಗೆ.

ಅದೇ ದೃಶ್ಯಕ್ಕೆ, ಹೆಚ್ಚು ಕಡಿಮೆ ಕಣ್ಣಿಗೆ ಕಂಡಂತೆಯೇ ತೋರಿಸುವ 50 ಎಂಎಂ ಲೆನ್ಸ್ ಹಾಕಿ, ಗೇಣಿದಾರನ ಭುಜದ ಹಿಂದೆ ಅವನ ಕಣ್ಣಿನ ಮಟ್ಟಕ್ಕೆ, ಸುಮಾರು ಐದಡಿಗೆ ಇಟ್ಟು ನೋಡಿ. ಗೌಡ ಮನುಷ್ಯನ ಗಾತ್ರಕ್ಕೆ ಇಳಿಯುತ್ತಾನೆ. ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದಾನೆ, ತಲೆ ಎತ್ತುತ್ತಿಲ್ಲ. ನಿಂತವನು ಕಾಯುತ್ತಿದ್ದಾನೆ. ಈ ಕಾಯುವಿಕೆಯನ್ನು ಎಂಟು ಹತ್ತು ಸೆಕೆಂಡು ಹಾಗೇ ಬಿಟ್ಟರೆ, ಇನ್ನೊಬ್ಬನ ಹೊತ್ತೂ ಗೌಡನ ಹಿಡಿತದಲ್ಲಿದೆ ಎಂಬುದು ನೋಡುವವನ ಮೈಗೆ ತಟ್ಟುತ್ತದೆ. ಎಡಿಟಿಂಗಿನಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ, ‘ಲ್ಯಾಗ್ ಆಗ್ತಿದೆ ಸಾರ್’ ಅಂತ.

ಕೆಳಗಿನಿಂದ ತೆಗೆದರೆ ಬಲಶಾಲಿ ಅನ್ನುವುದೂ ಅರ್ಧ ಪಾಠ. ‘ಸಿಟಿಜನ್ ಕೇನ್’ (1941) ಚಿತ್ರದಲ್ಲಿ ಸ್ಟುಡಿಯೋ ನೆಲವನ್ನೇ ಅಗೆದು ಕ್ಯಾಮೆರಾ ಇಳಿಸಿದ್ದು ಪತ್ರಿಕೆಗಳ ಒಡೆಯ ಕೇನ್ ಚುನಾವಣೆ ಸೋತ ರಾತ್ರಿಯ ದೃಶ್ಯಕ್ಕೆ. ದೇಹ ದೊಡ್ಡದು, ಕಚೇರಿ ಖಾಲಿ, ತಲೆಯ ಮೇಲೆ ಒತ್ತುವ ಚಾವಣಿ. ಚಾಪ್ಲಿನ್ ‘ದಿ ಗ್ರೇಟ್ ಡಿಕ್ಟೇಟರ್’ (1940) ಚಿತ್ರದಲ್ಲಿ ಎತ್ತರವನ್ನೇ ಗೇಲಿ ಮಾಡಿದ: ಇಬ್ಬರು ಸರ್ವಾಧಿಕಾರಿಗಳು ಕ್ಷೌರದ ಕುರ್ಚಿಯಲ್ಲಿ ಕೂತು ಪೈಪೋಟಿಯ ಮೇಲೆ ಕುರ್ಚಿ ಏರಿಸುತ್ತಾರೆ. ಹಿಟ್ಲರನಿಗಾಗಿ ಪ್ರಚಾರ ಚಿತ್ರ ತೆಗೆದ ಲೆನಿ ರೀಫೆನ್‌ಸ್ಟಾಲ್ 1934ರ ನಾಜಿಗಳ ನ್ಯೂರೆಂಬರ್ಗ್ ಸಮಾವೇಶದಲ್ಲಿ ಧ್ವಜಸ್ತಂಭಕ್ಕೆ ಲಿಫ್ಟ್ ಕಟ್ಟಿಸಿ ಕ್ಯಾಮೆರಾ ಮೇಲೇರಿಸಿದ್ದಳು. ಅಷ್ಟು ಮೇಲಿನಿಂದ ಜನ ಬರೀ ಸಾಲುಗಳು. ಇವತ್ತು ಚುನಾವಣಾ ಸಭೆಯ ದೃಶ್ಯಕ್ಕೆ ಡ್ರೋನ್ ಹಾರಿಸುವವರು ಗೊತ್ತಿಲ್ಲದೆ ಅದನ್ನೇ ಮಾಡುತ್ತಾರೆ. ಜೂನಿಯರ್ ಆರ್ಟಿಸ್ಟುಗಳು ಐವತ್ತೇ ಜನ ಇದ್ದರೂ ಒತ್ತಾಗಿ ನಿಲ್ಲಿಸಿ ದೂರದ್ದನ್ನು ಹತ್ತಿರ ತರುವ 135 ಎಂಎಂ ಲೆನ್ಸಿನಲ್ಲಿ ತೆಗೆದರೆ ಗುಂಪು ದಟ್ಟವಾಗಿ ಕಾಣುತ್ತದೆ, ಮುಖಗಳೂ ಉಳಿಯುತ್ತವೆ.

ನಮ್ಮ ಚಿತ್ರಗಳಲ್ಲಿ ರಾಜಕೀಯ ಸಂದೇಶ ಕೈಕೊಡುವುದು ಹೆಚ್ಚಾಗಿ ಕ್ಲೈಮ್ಯಾಕ್ಸಿನಲ್ಲಿ. ನಾಯಕ ಗೌಡನನ್ನು ಬಡಿದು ಹಾಕಿ ಸಂವಿಧಾನ, ಸಮಾನತೆ ಅಂತ ಎರಡು ನಿಮಿಷ ಭಾಷಣ ಮಾಡುತ್ತಾನೆ. ಆದರೆ ಅವನು ನಡೆದು ಬರುವುದು ಸೆಕೆಂಡಿಗೆ 48 ಫ್ರೇಮಿನ ಸ್ಲೋ ಮೋಷನ್ನಿನಲ್ಲಿ, ಲೆನ್ಸು ಅದೇ 24 ಎಂಎಂ, ಜನ ಅದೇ ಅಂಗಳದಲ್ಲಿ ಕೈಮುಗಿದು ನಿಂತಿದ್ದಾರೆ. ಒಬ್ಬ ಗೌಡ ಹೋದ, ಇನ್ನೊಬ್ಬ ಬಂದ. ಸೌಂಡ್ ಮ್ಯೂಟ್ ಮಾಡಿ ಆ ರೀಲನ್ನೊಮ್ಮೆ ನೋಡಿ. ಸಿನಿಮಾ ಯಾರ ಪರ ಇದೆ ಅನ್ನುವುದು ಆಗ ಗೊತ್ತಾಗುತ್ತದೆ.

ಧಾರಾವಾಹಿಯ ಕಷ್ಟ ಬೇರೆ. ದರ್ಪದ ಅತ್ತೆ ನಾಳೆಯೂ ಬರಬೇಕು, ಹಾಗಾಗಿ ಸೋಲುವಂತಿಲ್ಲ. ಅವಳ ಒಂದು ಮಾತಿಗೆ ಮನೆಮಂದಿಯದ್ದೆಲ್ಲ ಕ್ಲೋಸಪ್, ಎಲ್ಲರದ್ದೂ ಒಂದೇ ಬೆಚ್ಚಿದ ಮುಖ. ಇಲ್ಲಿ ಖರ್ಚಿಲ್ಲದ ಉಪಾಯವೊಂದಿದೆ: ಒಬ್ಬರು ಹೆದರಲಿ, ಒಬ್ಬರು ಲೆಕ್ಕ ಹಾಕಲಿ, ಒಬ್ಬರು ಒಳಗೊಳಗೇ ಖುಷಿಪಡಲಿ. ದರ್ಪ ನಿಂತಿರುವುದು ಆ ಮೂರನೆಯವರ ಬಲದ ಮೇಲೆ.

ಇನ್ನು ಮಾತು. ಮಂಡ್ಯದ ಭಾಷೆ ಅಂದರೆ ಕಿರುಚುವ ರೌಡಿ, ಇಲ್ಲವೇ ನಗಿಸುವ ಪೆದ್ದ ಅಂತ ಬರೆದು ಬರೆದು ಅದರ ನಯವನ್ನೇ ಮರೆತಿದ್ದೇವೆ. ನಾಲೆಯ ತೂಬು ತನ್ನ ಅಂಕೆಯಲ್ಲಿರುವವನು ಕೂಗಬೇಕಿಲ್ಲ. ನೀರು ಕೇಳಲು ಬಂದವನಿಗೆ ‘ಕುಂತ್ಕೊಳಪ್ಪ. ಮಗಳು ಮೈಸೂರ್ಗೆ ಕಾಲೇಜ್ಗೆ ಹೋಯ್ತಾವ್ಳಂತೆ, ಯಾವ ಬಸ್ಸಲ್ಲಿ?’ ಅಂದರೆ ಸಾಕು. ಡಬ್ಬಿಂಗಿನಲ್ಲಿ ಇಂಥ ಸಾಲಿಗೆ ನಟ ದನಿ ಏರಿಸಿದರೆ ಕೆಟ್ಟಿತು. ಶೂಟಿಂಗಿನಲ್ಲೇ ದಾಖಲಾದ ದನಿ, ಅಂದರೆ ಪೈಲಟ್ ಟ್ರ್ಯಾಕ್, ಸ್ವಚ್ಛವಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಆ ಸಾಲಿನ ಕೆಳಗೆ ಮ್ಯೂಸಿಕ್ ಹಾಕಬೇಡಿ.