ಜನಾಂಗದ ಕಾಲಂ ಅಳಿಸಿದ ಮೇಲೂ

ಕೃತಕ ಬುದ್ಧಿಮತ್ತೆ ಕಪ್ಪುವರ್ಣೀಯರಿಗೆ ಅನ್ಯಾಯ ಮಾಡುತ್ತದೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮುಖ ಗುರುತಿಸುವ ತಂತ್ರಾಂಶ. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಅದನ್ನು ನಂಬಿ ನಿರಪರಾಧಿಯೊಬ್ಬನನ್ನು ಅವನ ಮನೆಯ ಮುಂದೆಯೇ, ಹೆಂಡತಿ ಮಕ್ಕಳ ಎದುರಿಗೇ ಬಂಧಿಸಿದರು. ನೆನಪಾಗಬೇಕಾದ ಘಟನೆಯೇ. ಆದರೆ ಆಸ್ಪತ್ರೆ ಮತ್ತು ವಿಮೆಯ ದತ್ತಾಂಶದಲ್ಲಿ ಕೆಲಸ ಮಾಡುವ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಕರಣ. ಅಲ್ಲಿ ಕ್ಯಾಮೆರಾ ಇಲ್ಲ, ಪೊಲೀಸರಿಲ್ಲ. ಅನ್ಯಾಯವಾದವರಿಗೆ ಅನ್ಯಾಯವಾದದ್ದೇ ತಿಳಿಯಲಿಲ್ಲ.

ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ ತೀವ್ರ ಕಾಯಿಲೆಯವರಿಗೆ ವಿಶೇಷ ಆರೈಕೆಯ ಯೋಜನೆಗಳಿವೆ. ಅದಕ್ಕೆಂದೇ ನೇಮಿಸಿದ ದಾದಿಯರಿರುತ್ತಾರೆ, ವೈದ್ಯರ ಭೇಟಿ ಬೇಗ ಸಿಗುತ್ತದೆ. ಯಾರನ್ನು ಸೇರಿಸಬೇಕೆಂದು ಸೂಚಿಸಲು ಒಂದು ತಂತ್ರಾಂಶ ಪ್ರತಿ ರೋಗಿಗೂ ಅಂಕ ಕೊಡುತ್ತಿತ್ತು. ಸಂಶೋಧಕರಾದ ಜಿಯಾದ್ ಒಬರ್‌ಮೇಯರ್, ಸೆಂದಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಆ ಅಂಕಗಳನ್ನು ರೋಗಿಗಳ ನಿಜವಾದ ಆರೋಗ್ಯದ ಜೊತೆ ಹೋಲಿಸಿ ನೋಡಿ, 2019ರ ಅಕ್ಟೋಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಯೋಜನೆಗೆ ನೇರವಾಗಿ ಸೇರಿಸುವ ಗಡಿಯಲ್ಲಿ ಒಂದೇ ಅಂಕ ಪಡೆದವರ ಪೈಕಿ ಬಿಳಿಯರಿಗೆ ಸರಾಸರಿ 3.8 ದೀರ್ಘಕಾಲದ ಕಾಯಿಲೆಗಳಿದ್ದರೆ, ಕಪ್ಪುವರ್ಣೀಯರಿಗೆ 4.8. ಈ ವ್ಯತ್ಯಾಸ ಸರಿಪಡಿಸಿದರೆ ನೆರವಿಗೆ ಆಯ್ಕೆಯಾಗುವವರಲ್ಲಿ ಕಪ್ಪುವರ್ಣೀಯರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು.

ಇಷ್ಟಾಗಿಯೂ ಆ ತಂತ್ರಾಂಶಕ್ಕೆ ರೋಗಿಯ ಜನಾಂಗವೇ ಗೊತ್ತಿರಲಿಲ್ಲ. ಆ ಕಾಲಂ ಅನ್ನು ಬೇಕೆಂದೇ ಕೈಬಿಡಲಾಗಿತ್ತು.

ತಪ್ಪು ನುಸುಳಿದ್ದು ಬೇರೆ ಕಡೆ. ಯಂತ್ರಕ್ಕೆ ಕಲಿಸುವ ಮೊದಲು ಅದು ಏನನ್ನು ಊಹಿಸಬೇಕೆಂದು ಯಾರೋ ಒಬ್ಬರು ತೀರ್ಮಾನಿಸಬೇಕು. ನಮ್ಮ ಕೆಲಸದಲ್ಲಿ ಅದನ್ನು ಟಾರ್ಗೆಟ್ ಎನ್ನುತ್ತೇವೆ. ಇಲ್ಲಿ ಆರಿಸಿಕೊಂಡದ್ದು ಕಾಯಿಲೆಯನ್ನಲ್ಲ, ರೋಗಿಗೆ ಮುಂದೆ ಆಗಬಹುದಾದ ಚಿಕಿತ್ಸಾ ವೆಚ್ಚವನ್ನು. ಹೆಚ್ಚು ಕಾಯಿಲೆ ಇದ್ದವರಿಗೆ ಹೆಚ್ಚು ಖರ್ಚು ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಆಸ್ಪತ್ರೆ ದೂರವಿರುವವರು, ರಜೆ ಹಾಕಿದರೆ ಆ ದಿನದ ಸಂಬಳ ಕಳೆದುಕೊಳ್ಳುವವರು ಕಾಯಿಲೆ ಇದ್ದರೂ ಖರ್ಚು ಮಾಡುವುದಿಲ್ಲ. ಕಪ್ಪುವರ್ಣೀಯರಲ್ಲಿ ಇಂಥವರು ಹೆಚ್ಚು, ವೈದ್ಯರ ಮೇಲಿನ ಅಪನಂಬಿಕೆಯೂ ಉಂಟು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತ ಕುಳಿತಿದ್ದರು. ಇಷ್ಟೆಲ್ಲ ಇತಿಹಾಸ ಕೊನೆಗೆ ಕಡಿಮೆ ಮೊತ್ತದ ಬಿಲ್ಲಾಗಿ ದತ್ತಾಂಶಕ್ಕೆ ಇಳಿಯುತ್ತದೆ. ಯಂತ್ರ ಆ ಬಿಲ್ಲನ್ನು ಓದಿ ‘ಆರೋಗ್ಯವಂತ’ ಎಂದುಬಿಡುತ್ತದೆ.

ಹಾಗಾದರೆ ಜನಾಂಗವನ್ನು ಸೇರಿಸಿಬಿಟ್ಟರೆ ಸರಿಹೋಗುವುದೇ? ಅದೂ ಅಷ್ಟು ಸುಲಭವಲ್ಲ. ಕಿಡ್ನಿಯ ಸಾಮರ್ಥ್ಯ ಅಳೆಯಲು 2009ರಿಂದ ಬಳಕೆಗೆ ಬಂದ ಸೂತ್ರವೊಂದರಲ್ಲಿ ರೋಗಿ ಕಪ್ಪುವರ್ಣೀಯರಾಗಿದ್ದರೆ ಫಲಿತಾಂಶವನ್ನು 1.159ರಿಂದ ಗುಣಿಸುತ್ತಿದ್ದರು. ಅದು ಕೃತಕ ಬುದ್ಧಿಮತ್ತೆಯೇನೂ ಅಲ್ಲ, ಸಾದಾ ಗಣಿತ. ಆದರೂ ಅದರಿಂದ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರಿ, ಕಸಿಗಾಗಿ ಕಾಯುವವರ ಪಟ್ಟಿಗೆ ಜನ ತಡವಾಗಿ ಸೇರುತ್ತಿದ್ದರು. 2021ರಲ್ಲಿ ಆ ಗುಣಕವಿಲ್ಲದ ಹೊಸ ಸೂತ್ರ ಬಂತು. ಒಂದು ಕಡೆ ಜನಾಂಗವನ್ನು ತೆಗೆದು ಹಾನಿ, ಇನ್ನೊಂದು ಕಡೆ ಸೇರಿಸಿ ಹಾನಿ. ಎರಡೂ ಕಡೆ ತೀರ್ಮಾನ ಮಾಡಿದವರು ಬೇರೆ, ಅನುಭವಿಸಿದವರು ಬೇರೆ.

ವೆಚ್ಚವೇ ಏಕೆ ಟಾರ್ಗೆಟ್ ಆಯಿತು ಎಂಬುದಕ್ಕೆ ಉತ್ತರ ಸರಳ. ವಿಮಾ ಕ್ಲೇಮುಗಳ ಲೆಕ್ಕ ಅಚ್ಚುಕಟ್ಟಾಗಿ ಸಿದ್ಧವಿರುತ್ತದೆ, ಮತ್ತು ಇಂಥ ತಂತ್ರಾಂಶ ಕೊಳ್ಳುವವರಿಗೆ ಬೇಕಾದದ್ದೂ ಖರ್ಚಿನ ಅಂದಾಜೇ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಕ್ಲೇಮುಗಳ ಮೇಲೆ ಇಂಥ ಊಹಿಸುವ ಮಾದರಿ (ಮಾಡೆಲ್) ಕಟ್ಟುವವರು ಬಹಳ ಮಂದಿ ಇದ್ದೇವೆ. ಸಾಮಾನ್ಯವಾಗಿ ಟಾರ್ಗೆಟ್ ಯಾವುದೆಂದು ನಿರ್ಧಾರವಾದ ಮೇಲೆಯೇ ಕೆಲಸ ನಮ್ಮ ಕೈಗೆ ಬರುತ್ತದೆ. ಅದರ ನಿಖರತೆಯನ್ನು ಶೇ 1ರಷ್ಟು ಹೆಚ್ಚಿಸಲು ವಾರಗಟ್ಟಲೆ ದುಡಿಯುತ್ತೇವೆ. ಇದನ್ನೇ ಏಕೆ ಊಹಿಸಬೇಕು ಎಂದು ಕೇಳುವುದು ನಮ್ಮ ಕೆಲಸದ ಪಟ್ಟಿಯಲ್ಲಿಲ್ಲ. ಪಿನ್‌ಕೋಡು ಮತ್ತು ಮನೆತನದ ಹೆಸರು ಏನೇನು ಹೇಳಿಬಿಡುತ್ತವೆ ಎಂಬುದನ್ನು ಜಾತಿ ಬಲ್ಲ ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ. ಆದರೂ ಕೇಳುವುದಿಲ್ಲ.

ಸಂಶೋಧಕರು ತಂತ್ರಾಂಶದ ತಯಾರಕರ ಜೊತೆ ಕುಳಿತು, ವೆಚ್ಚದ ಜೊತೆಗೆ ಆರೋಗ್ಯವನ್ನೂ ಟಾರ್ಗೆಟ್ಟಿಗೆ ಸೇರಿಸಿ ನೋಡಿದಾಗ ಪಕ್ಷಪಾತ ಶೇ 84ರಷ್ಟು ಇಳಿಯಿತು. ಅದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಾಗಲಿಲ್ಲ.

ಈ ಪರೀಕ್ಷೆ ಸಾಧ್ಯವಾದದ್ದು ರೋಗಿಗಳೇ ಹೇಳಿಕೊಂಡ ಜನಾಂಗ ಆಸ್ಪತ್ರೆಯ ದಾಖಲೆಯಲ್ಲಿ ಉಳಿದಿದ್ದುದರಿಂದ. ಲೆಕ್ಕ ಹಾಕುವ ಯಂತ್ರಕ್ಕೆ ಆ ಕಾಲಂ ಕೊಡದಿರಬಹುದು, ಲೆಕ್ಕ ತಪಾಸಣೆ ಮಾಡುವವರಿಗೆ ಅದು ಬೇಕೇ ಬೇಕು. ಆ ಕಾಲಂ ಅನ್ನು ಪೂರ್ತಿ ಅಳಿಸಿದ ಕಡತ ಕೊಟ್ಟು, ಮಾದರಿಯಲ್ಲಿ ಪಕ್ಷಪಾತವಿಲ್ಲವೆಂದು ಬರೆದುಕೊಡಿ ಎನ್ನುವವರಿದ್ದಾರೆ. ಅಂಥ ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದು ಬರೆಯಲು ನಾನು ಒಪ್ಪುವುದಿಲ್ಲ. ‘ಪರೀಕ್ಷಿಸಲು ಆಗಲಿಲ್ಲ’ ಎಂದು ಬರೆದು, ಬೇಕಾದ ಕಾಲಂನ ಹೆಸರನ್ನು ಕೆಳಗೆ ನಮೂದಿಸುತ್ತೇನೆ.