‘ಕ್ಯಾಪ್ಟನ್’ ಮಗುಚಿದ್ದು ಬರೀ ಗಾಳಿಗಲ್ಲ

1870ರ ಸೆಪ್ಟೆಂಬರ್ 7. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿತ್ತು. ಸ್ಪೇನ್‌ನ ಫಿನಿಸ್ಟೆರ್ ಭೂಶಿರದ ಆಚೆ ಬ್ರಿಟನ್ನಿನ ಕಬ್ಬಿಣ ಕವಚದ ಯುದ್ಧನೌಕೆ ‘ಎಚ್‌ಎಂಎಸ್ ಕ್ಯಾಪ್ಟನ್’ ಬಿರುಗಾಳಿಗೆ ಸಿಕ್ಕಿ ಮಗುಚಿಕೊಂಡಿತು. 470ಕ್ಕೂ ಹೆಚ್ಚು ಜನ ಸತ್ತರು. ಬದುಕಿದ್ದು 18 ಮಂದಿ. ಹಡಗು ಸೇವೆಗೆ ಸೇರಿ ಆರು ತಿಂಗಳೂ ಆಗಿರಲಿಲ್ಲ.

ಅದೇ ಗಾಳಿಯಲ್ಲಿ ಜೊತೆಗಿದ್ದ ‘ಮೊನಾರ್ಕ್’ ಉಳಿಯಿತು. ಅದರಲ್ಲೂ ತಿರುಗುವ ಫಿರಂಗಿ ಗೋಪುರಗಳಿದ್ದವು, ಹಾಯಿಗಳಿದ್ದವು.

ಫಿರಂಗಿಗಳನ್ನು ಹಡಗಿನ ಪಕ್ಕದಲ್ಲಿ ಸಾಲಾಗಿ ಇಡುವ ಬದಲು ತಿರುಗುವ ಗೋಪುರದೊಳಗೆ ಇಡಬೇಕು ಅನ್ನುವುದು ನೌಕಾ ಅಧಿಕಾರಿ ಕೌಪರ್ ಕೋಲ್ಸ್ ಅವರ ಹಟ. ಯೋಚನೆ ಒಳ್ಳೆಯದೇ. ಆದರೆ ಗೋಪುರ ತುಂಬಾ ಭಾರ, ಹಾಗಾಗಿ ಡೆಕ್ ತಗ್ಗಿನಲ್ಲಿರಬೇಕು. ಆಗಿನ ಎಂಜಿನ್‌ಗಳಿಗೋ ಕಲ್ಲಿದ್ದಲು ಜಾಸ್ತಿ ಬೇಕು, ದೂರ ಹೋಗಲು ಹಾಯಿ ಇಲ್ಲದೆ ಆಗದು. ‘ಕ್ಯಾಪ್ಟನ್’ ವಿನ್ಯಾಸದಲ್ಲಿ ಕೋಲ್ಸ್ ತಗ್ಗು ಡೆಕ್ಕಿನ ಮೇಲೆ ಎತ್ತರದ ಹಾಯಿಕಂಬಗಳನ್ನು ನಿಲ್ಲಿಸಿದರು.

ನೌಕಾಪಡೆಯ ಮುಖ್ಯ ಹಡಗು ವಿನ್ಯಾಸಕ ಎಡ್ವರ್ಡ್ ರೀಡ್ ಇದನ್ನು ಒಪ್ಪಲಿಲ್ಲ. ಪತ್ರಿಕೆಗಳು, ಸಂಸತ್ತು ಎಲ್ಲವೂ ಕೋಲ್ಸ್ ಪರ ನಿಂತವು. ಕೊನೆಗೆ ನೌಕಾ ಇಲಾಖೆ ಮಣಿಯಿತು. ಇಂಗ್ಲೆಂಡಿನ ಬರ್ಕನ್‌ಹೆಡ್‌ನ ಲೇರ್ಡ್ ಕಂಪನಿಯಲ್ಲಿ ಹಡಗು ಸಿದ್ಧವಾಯಿತು. ಕೋಲ್ಸ್ ಕಾಯಿಲೆ ಬಿದ್ದಿದ್ದರು, ಕಟ್ಟುವಾಗ ತೂಕದ ಮೇಲೆ ನಿಗಾ ಇರಲಿಲ್ಲ. 735 ಟನ್ ಹೆಚ್ಚಾಯಿತು! ನೀರಿನಿಂದ 8 ಅಡಿ ಮೇಲಿರಬೇಕಿದ್ದ ಡೆಕ್ ಆರೂವರೆ ಅಡಿಗೆ ಇಳಿಯಿತು. ಮೊನಾರ್ಕ್‌ನ ಡೆಕ್ 14 ಅಡಿ ಎತ್ತರದಲ್ಲಿತ್ತು.

ಹಡಗು ವಾಲಿದಾಗ ನೀರೇ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಡೆಕ್ಕಿನ ಅಂಚು ಮುಳುಗಿದರೆ ಆ ಬಲ ಕುಗ್ಗುತ್ತಾ ಹೋಗುತ್ತದೆ. ಮೊನಾರ್ಕ್‌ಗೆ ಸುಮಾರು 40 ಡಿಗ್ರಿ ವಾಲುವವರೆಗೂ ಆ ಬಲ ಏರುತ್ತಿತ್ತು. ಕ್ಯಾಪ್ಟನ್‌ಗೆ ಬರೀ 21 ಡಿಗ್ರಿ. ಜುಲೈನಲ್ಲಿ ಹಡಗನ್ನು ವಾಲಿಸಿ ಪರೀಕ್ಷೆ ಮಾಡಿದರು, ಲೆಕ್ಕ ಮುಗಿಯುವ ಹೊತ್ತಿಗೆ ಹಡಗು ಸಮುದ್ರದಲ್ಲಿತ್ತು. ನನಗೆ ತುಂಬಾ ನೋವಾಗುವುದು ಇಲ್ಲೇ. ಕೆಲವು ವಾರ ತಡೆದಿದ್ದರೆ ಸಾಕಿತ್ತು, ಅಲ್ವಾ?

ಮುಳುಗುವ ಹಿಂದಿನ ದಿನ ನೌಕಾಪಡೆಯ ಅಡ್ಮಿರಲ್ ಮಿಲ್ನ್ ‘ಕ್ಯಾಪ್ಟನ್’ಗೆ ಬಂದಿದ್ದರು. ಅಲೆಗಳು ಡೆಕ್ಕಿನ ಮೇಲೇ ಹಾಯುತ್ತಿದ್ದವು. ರಾತ್ರಿ ಇಲ್ಲೇ ಇರಿ ಎಂದರೂ ಕೇಳದೆ ಅವರು ತಮ್ಮ ಹಡಗಿಗೆ ಮರಳಿದರು. ಕೋಲ್ಸ್ ‘ಕ್ಯಾಪ್ಟನ್’ನಲ್ಲೇ ಉಳಿದರು. ಅವರ ಜೊತೆಗೆ ಹಡಗಿನ ನಾಯಕ ಹ್ಯೂ ಬರ್ಗೋಯ್ನ್, ನೌಕಾ ಇಲಾಖೆಯ ಮುಖ್ಯಸ್ಥ ಹ್ಯೂ ಚೈಲ್ಡರ್ಸ್ ಅವರ ಮಗ ಕೂಡ ಮುಳುಗಿದರು.

ಬದುಕಿದವರನ್ನು ವಿಚಾರಿಸಿದ ನೌಕಾ ನ್ಯಾಯಾಲಯ ಸಿಬ್ಬಂದಿಯ ತಪ್ಪಿಲ್ಲ ಎಂದಿತು. ಸಂಸತ್ತಿನಲ್ಲೂ ಹೊರಗೂ ಎದ್ದ ಜನಾಭಿಪ್ರಾಯಕ್ಕೆ ಮಣಿದು, ಇಲಾಖೆಯ ತಜ್ಞರ ಮಾತು ಮೀರಿ ಈ ಹಡಗು ಕಟ್ಟಿದ್ದಾರೆ ಎಂದು ತೀರ್ಪಿನಲ್ಲೇ ಬರೆಯಿತು. ಮರುವರ್ಷ ನೀರಿಗಿಳಿದ, ರೀಡ್ ವಿನ್ಯಾಸದ ‘ಡೆವಾಸ್ಟೇಷನ್’ನಲ್ಲಿ ಗೋಪುರಗಳಿದ್ದವು. ಹಾಯಿ ಇರಲಿಲ್ಲ.